ಕೈಯಲ್ಲಿ ಬಲ ಕಡಿಮೆಯಾದವರಿಗೆ ಹಗುರವಾದ ರಿವಾಲ್ವರ್ ಸುಲಭವೇ?

"ಕೈಯಲ್ಲಿ ಶಕ್ತಿ ಇಲ್ಲದವರು ಸಣ್ಣದು, ಹಗುರಾದದ್ದು ತಗೋಬೇಕು." ಆತ್ಮರಕ್ಷಣೆಗೆಂದು ರಿವಾಲ್ವರ್ ಅಥವಾ ಪಿಸ್ತೂಲ್ ಕೊಳ್ಳಲು ಹೊರಟ ವಯಸ್ಸಾದವರಿಗೆ, ಮಹಿಳೆಯರಿಗೆ, ಸಂಧಿವಾತ ಇರುವವರಿಗೆ ಈ ಸಲಹೆ ಸಿಗುತ್ತಲೇ ಇರುತ್ತದೆ. ಕೇಳಲು ಸರಿಯಾಗಿಯೇ ಇದೆ. ತುಂಬಿದ ಕೊಡ ಎತ್ತಲು ಆಗದಿದ್ದರೆ ತಂಬಿಗೆಯಲ್ಲಿ ನೀರು ತರುತ್ತೇವಲ್ಲ, ಹಾಗೆ. ಆದರೆ ಗುಂಡು ಹಾರಿಸುವ ಸಾಧನಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಏಕೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೃಷ್ಣೆಯ ದಂಡೆಯ ಗಲಗಲಿ ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಊರಿನಿಂದ ದೂರ, ಕಬ್ಬಿನ ನಡುವೆ ತೋಟದ ಮನೆ ಮಾಡಿಕೊಂಡಿರುವ ರೈತರು ಇಲ್ಲಿದ್ದಾರೆ. ಮಹಾಲಿಂಗಪುರದ ಬೆಲ್ಲದ ಪೇಟೆಯ ವ್ಯಾಪಾರಿಗಳಿದ್ದಾರೆ, ಮಗ್ಗದಲ್ಲಿ ದುಡಿದು ಕೈ ಸವೆಸಿಕೊಂಡ ನೇಕಾರರಿದ್ದಾರೆ. ಇವರಲ್ಲಿ ಅರವತ್ತೈದು ದಾಟಿದ ಒಬ್ಬರು, ಬೆಳಗ್ಗೆ ಎದ್ದಾಗ ಮುಷ್ಟಿ ಬಿಗಿಯಲು ಕಷ್ಟಪಡುವವರು, ರಾತ್ರಿ ಹಣ ತೆಗೆದುಕೊಂಡು ಒಬ್ಬರೇ ಮನೆಗೆ ಹೋಗಬೇಕು ಎಂದಿಟ್ಟುಕೊಳ್ಳೋಣ. ಅವರ ಕೈಗೆ ಎಂಥದ್ದು ಹೊಂದುತ್ತದೆ?

ಕೈಬಲ ಎಂದರೆ ಒಂದೇ ಬಲವಲ್ಲ

ವೈದ್ಯರು ಕೈಬಲವನ್ನು ಡೈನಮೋಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಅದರ ಹಿಡಿಯನ್ನು ಗಟ್ಟಿಯಾಗಿ ಹಿಸುಕಿದರೆ ಎಷ್ಟು ಕಿಲೋ ಬಲ ಬಿತ್ತು ಎಂದು ತೋರಿಸುತ್ತದೆ. ವಯಸ್ಸಾದಂತೆ ಸ್ನಾಯು ಕರಗುವ ಸಮಸ್ಯೆಯ ಬಗ್ಗೆ ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಕೊಟ್ಟ ಮಾನದಂಡದ ಪ್ರಕಾರ, ಪುರುಷರಲ್ಲಿ 28 ಕಿಲೋ, ಮಹಿಳೆಯರಲ್ಲಿ 18 ಕಿಲೋಗಿಂತ ಕಡಿಮೆ ಬಂದರೆ ಕೈಬಲ ಕುಂದಿದೆ ಎಂದರ್ಥ.

ಆದರೆ ರಿವಾಲ್ವರ್ ಅಥವಾ ಪಿಸ್ತೂಲ್ ಬಳಸಲು ಮುಷ್ಟಿಯ ಬಲವೊಂದೇ ಸಾಲದು. ಕೈ ನಾಲ್ಕು ಬೇರೆ ಬೇರೆ ಕೆಲಸ ಮಾಡಬೇಕು: ಅಲುಗಾಡದಂತೆ ಹಿಡಿಯಬೇಕು, ತೋರುಬೆರಳೊಂದರಿಂದಲೇ ಟ್ರಿಗರ್ ಎಳೆಯಬೇಕು, ತೋಟಾ ತುಂಬಬೇಕು ಮತ್ತು ತೆಗೆಯಬೇಕು, ಗುಂಡು ಹಾರಿದಾಗ ಬರುವ ಒದೆತವನ್ನು ತಡೆಯಬೇಕು. ಹೆಬ್ಬೆರಳಿನ ಬುಡದ ಕೀಲು ಸವೆದವರಿಗೆ ಒದೆತ ಕಷ್ಟ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡವರಿಗೆ, ಅಂದರೆ ಕಾರ್ಪಲ್ ಟನಲ್ ಸಮಸ್ಯೆ ಇರುವವರಿಗೆ, ಚಿವುಟಿ ಹಿಡಿಯುವುದು ಕಷ್ಟ. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಪೆಟ್ಟು ಬಿದ್ದವರಿಗೆ ಬೆರಳು ಟ್ರಿಗರ್ ಮೇಲಿದೆಯೋ ಇಲ್ಲವೋ ಎಂಬ ಅರಿವೇ ಮಂದವಾಗಬಹುದು. ಇದು ಎಲ್ಲಕ್ಕಿಂತ ಅಪಾಯಕಾರಿ.

ಆದ್ದರಿಂದ ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಕೈಯ ಬಲ ಕುಂದಿರುವುದು ರೋಗದ ಲಕ್ಷಣವೂ ಆಗಿರಬಹುದು. ಕಾರ್ಪಲ್ ಟನಲ್, ಸಂಧಿವಾತಗಳಿಗೆ ಚಿಕಿತ್ಸೆ ಇದೆ. ಒಂದು ಬದಿಯ ಕೈ ಇದ್ದಕ್ಕಿದ್ದಂತೆ ಸೋತರೆ ಅದು ಪಾರ್ಶ್ವವಾಯು ಇರಬಹುದು, ಗಂಟೆಗಳನ್ನಲ್ಲ, ನಿಮಿಷಗಳನ್ನು ಲೆಕ್ಕ ಹಾಕಿ ಆಸ್ಪತ್ರೆಗೆ ಓಡಬೇಕು.

ತೂಕ ಇಳಿದರೆ ಒದೆತ ಏರುತ್ತದೆ

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರ ಕಾರ್ಖಾನೆ 'ನಿರ್ಭೀಕ್' ಎಂಬ .32 ಬೋರಿನ ರಿವಾಲ್ವರ್ ಹೊರತಂದಿತು. ಟೈಟಾನಿಯಂ ಮಿಶ್ರಲೋಹದಿಂದ ಮಾಡಿದ ಇದರ ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಮಹಿಳೆಯರಿಗಾಗಿ ಎಂದೇ ಪ್ರಚಾರ ಪಡೆಯಿತು, ಕಾರಣ ಅದು ಹಗುರ ಮತ್ತು ಪರ್ಸಿನಲ್ಲಿ ಹಿಡಿಸುತ್ತದೆ. 2023ರಲ್ಲಿ ಬಂದ 'ಪ್ರಬಲ್' ಕೂಡ .32 ಬೋರಿನದೇ, ಆದರೆ ತೂಕ ಸುಮಾರು 700 ಗ್ರಾಂ.

ಇವೆರಡರಲ್ಲಿ ಒಂದೇ ಬಗೆಯ ತೋಟಾ ಹಾಕಿ ಹಾರಿಸಿದರೆ ಏನಾಗುತ್ತದೆ? ಶಾಲೆಯಲ್ಲಿ ಓದಿದ ನ್ಯೂಟನ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಂಡು ಮುಂದಕ್ಕೆ ಹೋದಷ್ಟೇ ಆವೇಗದಲ್ಲಿ ರಿವಾಲ್ವರ್ ಹಿಂದಕ್ಕೆ ಬರಬೇಕು. .32 ರಿವಾಲ್ವರಿನ ಗುಂಡಿನ ತೂಕ ಸುಮಾರು 6.35 ಗ್ರಾಂ. ಅದು ಸೆಕೆಂಡಿಗೆ 220 ಮೀಟರ್ ವೇಗದಲ್ಲಿ ಹೊರಟಿತು ಎಂದಿಟ್ಟುಕೊಂಡರೆ, 700 ಗ್ರಾಂನದು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಅಂಗೈಯನ್ನು ಒದೆಯುತ್ತದೆ. 500 ಗ್ರಾಂನದು ಸುಮಾರು 2.8 ಮೀಟರ್ ವೇಗದಲ್ಲಿ ಒದೆಯುತ್ತದೆ. ಒದೆತದ ಶಕ್ತಿ 1.4 ಜೂಲ್‌ನಿಂದ ಸುಮಾರು 2 ಜೂಲ್‌ಗೆ, ಅಂದರೆ ಶೇಕಡಾ 40ರಷ್ಟು ಏರುತ್ತದೆ. ಮದ್ದಿನ ಹೊಗೆಯ ಪಾಲನ್ನು ನಾವು ಈ ಲೆಕ್ಕದಲ್ಲಿ ಬಿಟ್ಟಿದ್ದೇವೆ, ಅದನ್ನೂ ಸೇರಿಸಿದರೆ ಎರಡೂ ಅಂಕಿಗಳು ಸ್ವಲ್ಪ ಹೆಚ್ಚುತ್ತವೆ.

.32 ಬೋರಿನ ಒದೆತ ಆರೋಗ್ಯವಂತ ಕೈಗೆ ಅಂಥ ದೊಡ್ಡದೇನಲ್ಲ. ಆದರೆ ಕೀಲು ಊದಿದ ಹೆಬ್ಬೆರಳಿನ ಬುಡಕ್ಕೇ ಆ ಪೆಟ್ಟು ಬೀಳುತ್ತದೆ. ಎರಡು ಸಲ ಹಾರಿಸಿದವರು ಮೂರನೆಯ ಸಲ ನೋವಿಗೆ ಹೆದರಿ ಕಣ್ಣು ಮುಚ್ಚುತ್ತಾರೆ, ಮಣಿಕಟ್ಟು ಕೊಸರುತ್ತಾರೆ. ನೋವು ಕೊಡುವ ಸಾಧನವನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದ ರಿವಾಲ್ವರ್ ಜೇಬಿನಲ್ಲಿದ್ದು ಉಪಯೋಗವಿಲ್ಲ.

ನಿಜವಾದ ತೊಡಕು ಟ್ರಿಗರ್

ಒದೆತಕ್ಕಿಂತ ದೊಡ್ಡ ಸಮಸ್ಯೆ ಅದಕ್ಕೂ ಮೊದಲೇ ಬರುತ್ತದೆ. ರಿವಾಲ್ವರಿನ ಟ್ರಿಗರನ್ನು ನೇರವಾಗಿ ಎಳೆದಾಗ ಅದು ಮೂರು ಕೆಲಸ ಮಾಡುತ್ತದೆ: ಸಿಲಿಂಡರನ್ನು ತಿರುಗಿಸುತ್ತದೆ, ಹ್ಯಾಮರನ್ನು ಹಿಂದಕ್ಕೆ ಎತ್ತುತ್ತದೆ, ಕೊನೆಗೆ ಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ 4.5ರಿಂದ 5.5 ಕಿಲೋ ಬಲ ಬೇಕು. ಐದು ಕಿಲೋ ಜೋಳದ ಚೀಲವನ್ನು ತೋರುಬೆರಳೊಂದರಲ್ಲಿ ಸಿಕ್ಕಿಸಿ ಎಳೆದಂತೆ ಇದು. ಉಳಿದ ಮೂರು ಬೆರಳು ಅಷ್ಟು ಹೊತ್ತು ಹಿಡಿಯನ್ನು ಅಲುಗಾಡಿಸಬಾರದು.

ಹಗುರ ರಿವಾಲ್ವರಿನಲ್ಲಿ ಇದು ಇನ್ನೂ ಕಷ್ಟ. 500 ಗ್ರಾಂ ವಸ್ತುವಿನ ಮೇಲೆ ಐದು ಕಿಲೋ ಬಲ ಎಂದರೆ ಅದರ ತೂಕದ ಹತ್ತು ಪಟ್ಟು. ಹಿಡಿತ ಸಡಿಲವಿದ್ದರೆ ಬೆರಳು ಟ್ರಿಗರನ್ನು ಎಳೆಯುವ ಬದಲು ಇಡೀ ರಿವಾಲ್ವರನ್ನೇ ಪಕ್ಕಕ್ಕೆ ಎಳೆಯುತ್ತದೆ. ಗುಂಡು ಎಲ್ಲಿಗೋ ಹೋಗುತ್ತದೆ. ಆ ಎಲ್ಲಿಗೋ ಎಂಬಲ್ಲಿ ಯಾರಾದರೂ ನಿಂತಿರಬಹುದು ಎಂಬುದನ್ನು ಮರೆಯಬಾರದು.

ಹೆಬ್ಬೆರಳಿನಿಂದ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎತ್ತಿಕೊಂಡರೆ ಟ್ರಿಗರಿಗೆ ಸುಮಾರು ಎರಡು ಕಿಲೋ ಬಲ ಸಾಕು ಎಂಬುದು ನಿಜ. ಆದರೆ ಹ್ಯಾಮರ್ ಎತ್ತಲು ಹೆಬ್ಬೆರಳಲ್ಲಿ ಶಕ್ತಿ ಬೇಕು. ಎತ್ತಿದ ಮೇಲೆ ಹಾರಿಸುವುದು ಬೇಡವಾದರೆ ಅದೇ ಹೆಬ್ಬೆರಳಿನಿಂದ ಹಿಡಿದು ನಿಧಾನ ಇಳಿಸಬೇಕು. ನಡುಗುವ, ಬಲವಿಲ್ಲದ ಬೆರಳಿನಿಂದ ಅದು ಜಾರಿದರೆ ಗುಂಡು ಹಾರಿಯೇ ಬಿಡುತ್ತದೆ. ಕೈಬಲ ಕುಂದಿದವರು ಈ ಉಪಾಯವನ್ನು ನೆಚ್ಚಿಕೊಳ್ಳಬಾರದು. ಸ್ಪ್ರಿಂಗ್ ಬದಲಿಸಿ ಟ್ರಿಗರ್ ಮೆತ್ತಗೆ ಮಾಡಿಸುವುದೂ ಬೇಡ. ಹ್ಯಾಮರಿನ ಪೆಟ್ಟು ಮೆತ್ತಗಾದರೆ ತೋಟಾ ಹೊತ್ತಿಕೊಳ್ಳದೇ ಹೋಗಬಹುದು.

ಹಾಗಾದರೆ ಪಿಸ್ತೂಲ್?

ಪಿಸ್ತೂಲಿನ ಟ್ರಿಗರ್ ಸಾಮಾನ್ಯವಾಗಿ ಹಗುರ. ಆದರೆ ಮೊದಲ ತೋಟಾವನ್ನು ನಳಿಗೆಗೆ ಏರಿಸಲು ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು. ಇಲ್ಲಿಯೂ ಸಣ್ಣದು ಸುಲಭ ಎಂಬುದು ತಪ್ಪು. .32 ಪಿಸ್ತೂಲುಗಳಲ್ಲಿ ಹೆಚ್ಚಿನವುಗಳ ಸ್ಲೈಡಿಗೆ ನಳಿಗೆಯೊಂದಿಗೆ ಬೀಗ ಹಾಕಿಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಸ್ಫೋಟದ ಒತ್ತಡವನ್ನು ತಡೆಯಬೇಕು. ಹೀಗಾಗಿ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಕೆಲವು ದೊಡ್ಡ ಪಿಸ್ತೂಲುಗಳ ಸ್ಲೈಡ್ ಇವುಗಳಿಗಿಂತ ಸಲೀಸಾಗಿ ಸರಿಯುತ್ತದೆ.

ಎರಡು ಬೆರಳಲ್ಲಿ ಚಿವುಟಿ ಎಳೆಯುವ ಬದಲು ಸ್ಲೈಡನ್ನು ಇಡೀ ಅಂಗೈಯಿಂದ ಬಿಗಿ ಹಿಡಿದು, ಪಿಸ್ತೂಲ್ ಹಿಡಿದ ಕೈಯನ್ನು ಮುಂದಕ್ಕೆ ತಳ್ಳಿದರೆ ತೋಳಿನ ಮತ್ತು ಎದೆಯ ಸ್ನಾಯುಗಳೂ ಕೆಲಸ ಮಾಡುತ್ತವೆ. ಇದರಿಂದ ಅನೇಕರಿಗೆ ಸುಲಭವಾಗುತ್ತದೆ. ಆದರೆ ಇನ್ನೊಂದು ತೊಡಕಿದೆ: ಮಣಿಕಟ್ಟು ಸಡಿಲವಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ನಡುವೆ ಸಿಕ್ಕಿಬೀಳಬಹುದು. ಸಿಕ್ಕಿದ್ದನ್ನು ಬಿಡಿಸಲು ಮತ್ತೆ ಅದೇ ಬಲ ಬೇಕು.

ಅಮೆರಿಕದಲ್ಲಿ ಕೈಬಲ ಕಡಿಮೆ ಇರುವವರಿಗೆಂದೇ ಸ್ಲೈಡ್ ಸುಲಭವಾಗಿ ಸರಿಯುವ ಪಿಸ್ತೂಲುಗಳು 2018ರಿಂದ ಜನಪ್ರಿಯವಾಗಿವೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ವಿದೇಶಿ ಬಂದೂಕು ಆಮದು ಮಾಡಿಕೊಳ್ಳಲು ಅವಕಾಶವಿಲ್ಲ, ಪೊಲೀಸರು ಬಳಸುವ 9 ಎಂಎಂ ಪಿಸ್ತೂಲ್ ನಾಗರಿಕರಿಗೆ ನಿಷಿದ್ಧ. ಹೆಚ್ಚಿನವರ ಆಯ್ಕೆ .32 ಮತ್ತು .22 ಬೋರುಗಳ ನಡುವೆಯೇ.

.22 ಬೋರಿನ ಒದೆತ ಎಲ್ಲಕ್ಕಿಂತ ಕಡಿಮೆ. ಇಶಾಪುರದ ಸರ್ಕಾರಿ ಕಾರ್ಖಾನೆಯ 'ನಿಡರ್' ಈ ಬೋರಿನ ರಿವಾಲ್ವರ್, ತೂಕ ಸುಮಾರು 250 ಗ್ರಾಂ. ಆದರೆ ಈ ತೋಟಾದ ಮದ್ದು ಅಂಚಿನಲ್ಲಿ ಪೆಟ್ಟು ಬಿದ್ದಾಗ ಹೊತ್ತಿಕೊಳ್ಳುವಂಥದ್ದು, .32ಕ್ಕೆ ಹೋಲಿಸಿದರೆ ಹುಸಿಹೋಗುವ ಸಾಧ್ಯತೆ ಹೆಚ್ಚು. ಒದೆತ ಉಳಿಸಿದರೂ ಟ್ರಿಗರಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ಕೊಳ್ಳುವ ಮೊದಲು ಏನು ಪರೀಕ್ಷಿಸಬೇಕು?

ಲೈಸೆನ್ಸ್ ಇರುವ ಅಂಗಡಿಯಲ್ಲಿ, ಅಂಗಡಿಯವರ ಒಪ್ಪಿಗೆ ಪಡೆದು, ಖಾಲಿ ಇದೆ ಎಂದು ಇಬ್ಬರೂ ಕಣ್ಣಾರೆ ನೋಡಿದ ಮೇಲೆ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಇವನ್ನು ಮಾಡಿ ನೋಡಿ. .22 ಆದರೆ ಡಮ್ಮಿ ತೋಟಾ ಹಾಕಿಯೇ ಪರೀಕ್ಷಿಸಬೇಕು, ಇಲ್ಲದಿದ್ದರೆ ಒಳಭಾಗ ಹಾಳಾಗಬಹುದು.

1. ಹ್ಯಾಮರ್ ಎತ್ತಿಕೊಳ್ಳದೆ ಟ್ರಿಗರನ್ನು ಸಾಲಾಗಿ ಹತ್ತು ಸಲ ಎಳೆಯಿರಿ. ಹತ್ತನೆಯ ಸಲವೂ ನಳಿಗೆಯ ತುದಿ ಅಲುಗಬಾರದು.
2. ಟ್ರಿಗರ್ ಮೇಲೆ ತೋರುಬೆರಳಿನ ತುದಿಯ ಮೆತ್ತನೆ ಭಾಗ ಆರಾಮವಾಗಿ ಕೂರಬೇಕು. ಎಟುಕಿಸಿಕೊಳ್ಳಲು ಹಿಡಿತ ಬದಲಿಸಬೇಕಾದರೆ ಅದು ನಿಮ್ಮ ಕೈಯದಲ್ಲ.
3. ಕಿರುಬೆರಳಿಗೂ ಹಿಡಿಯ ಮೇಲೆ ಜಾಗ ಸಿಗಬೇಕು. ಅಗಲವಾದ ರಬ್ಬರ್ ಹಿಡಿ ಒದೆತವನ್ನು ಹಂಚುತ್ತದೆ.
4. ತೆರೆಯುವುದು, ತುಂಬುವುದು, ಖಾಲಿ ಮಾಡುವುದು ನೀವೇ ಮಾಡಬೇಕು. ಮಡಚಿ ತೆರೆಯುವ ಹಳೆಯ ಮಾದರಿಯಲ್ಲಿ ಖಾಲಿ ತೋಟಾಗಳು ತಾವೇ ಮೇಲೆ ಬರುತ್ತವೆ, ಆದರೆ ತೆರೆಯಲು ಬಲ ಬೇಕು. ಪ್ರಬಲ್‌ನಂತೆ ಸಿಲಿಂಡರ್ ಪಕ್ಕಕ್ಕೆ ಬರುವ ಮಾದರಿಯಲ್ಲಿ ತೆರೆಯುವುದು ಸುಲಭ, ಆದರೆ ಖಾಲಿ ತೋಟಾಗಳನ್ನು ಕಡ್ಡಿ ಒತ್ತಿ ತಳ್ಳಬೇಕು.
5. ಇದೇ ಪರೀಕ್ಷೆಯನ್ನು ಇನ್ನೊಂದು ಕೈಯಲ್ಲೂ ಮಾಡಿ. ಸಂಧಿವಾತ ಇದ್ದರೆ ಕೈ ಬಿಗಿದಿರುವ ಬೆಳಗಿನ ಹೊತ್ತಿನಲ್ಲೇ ಮಾಡಿ.

ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ಮಧ್ಯಮ ತೂಕದ, ಹಿಡಿ ದೊಡ್ಡದಿರುವ .32. ಎಲ್ಲದರಲ್ಲೂ ಸೋತರೆ ಉತ್ತರ ಸ್ಪಷ್ಟ: ಕೊಳ್ಳಬೇಡಿ. ಬಲವಿಲ್ಲದ ಕೈಯಿಂದ ರಿವಾಲ್ವರ್ ಕಸಿದುಕೊಳ್ಳುವುದು ಎದುರಾಳಿಗೆ ಕಷ್ಟವಲ್ಲ.

ಕಾನೂನು ಏನು ಹೇಳುತ್ತದೆ?

ಆಯುಧ ಮತ್ತು ಲೈಸೆನ್ಸಿನ ವಿಚಾರ ಈ ಸೀಮೆಗೆ ಹೊಸದಲ್ಲ. ಆಯುಧ ಒಪ್ಪಿಸಬೇಕು ಎಂಬ ಬ್ರಿಟಿಷರ ಕಾಯ್ದೆಯನ್ನು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಹೋರಾಡಿದ ಬೇಡರ ಹಲಗಲಿ ಇರುವುದು ಮುಧೋಳ ಸೀಮೆಯಲ್ಲೇ. ಇಂದು ಜಾರಿಯಲ್ಲಿರುವುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳು. ಬಾಗಲಕೋಟೆ ಜಿಲ್ಲೆಯವರು ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ವಯಸ್ಸು 21 ತುಂಬಿರಬೇಕು. ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಲೈಸೆನ್ಸಿನ ಅವಧಿ ಐದು ವರ್ಷ.

ಹಿರಿಯರಿಗೆ ಉಪಯೋಗವಾಗುವ, ಹೆಚ್ಚಿನವರ ಗಮನಕ್ಕೆ ಬಾರದ ನಿಯಮವೊಂದಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಆ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಅದನ್ನು ಕಾನೂನುಬದ್ಧ ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಕೊಡಲು ಅವಕಾಶವಿದೆ. ಅಜ್ಜನ ಕೈ ಸೋತಿದೆ ಎಂದು ಹೊಸದು ಹುಡುಕುವ ಬದಲು ಈ ದಾರಿಯನ್ನೂ ಯೋಚಿಸಬಹುದು. ವಾರಸುದಾರರಿಗೂ ಅದೇ ಅರ್ಹತೆ, ಅದೇ ಪರಿಶೀಲನೆ ಇರುತ್ತದೆ.

ಕೊನೆಯದಾಗಿ, ಮನೆಯ ಒಳಗಿನ ಅಪಾಯ

ಬಂದೂಕು ಹೊರಗಿನವರಿಂದ ಕಾಪಾಡುತ್ತದೆ ಎಂದು ಕೊಳ್ಳುತ್ತೇವೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ 'ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಬೇರೆಯದನ್ನು ತೋರಿಸಿತು: ಬಂದೂಕು ಕೈಗೆ ಸಿಗುವವರಲ್ಲಿ ಆತ್ಮಹತ್ಯೆಯ ಸಾಧ್ಯತೆ ಸುಮಾರು ಮೂರು ಪಟ್ಟು, ಕೊಲೆಗೆ ಬಲಿಯಾಗುವ ಸಾಧ್ಯತೆ ಸುಮಾರು ಎರಡು ಪಟ್ಟು ಹೆಚ್ಚು. ಈ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು, ಆದರೂ ಎಚ್ಚರಿಕೆ ನಮಗೂ ಸಲ್ಲುತ್ತದೆ. ದೀರ್ಘಕಾಲದ ನೋವು, ಸಾಲ, ಒಂಟಿತನ ಇರುವ ಮನೆಯಲ್ಲಿ ಇದನ್ನು ಮೊದಲು ಯೋಚಿಸಬೇಕು. ಮನಸ್ಸು ಭಾರವಾದಾಗ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ರಾತ್ರಿ ನಗದು ಒಯ್ಯದಿರುವುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು, ತೋಟದ ಮನೆಗೆ ಒಳ್ಳೆಯ ದೀಪ, ಗಟ್ಟಿ ಬಾಗಿಲು, ಒಂದು ನಾಯಿ, ಫೋನಿನಲ್ಲಿ 112. ಇವು ಯಾವುದಕ್ಕೂ ಐದು ಕಿಲೋ ಬಲದ ತೋರುಬೆರಳು ಬೇಕಿಲ್ಲ. ಇಷ್ಟಾದ ಮೇಲೂ ರಿವಾಲ್ವರ್ ಬೇಕೇ ಬೇಕು ಎನ್ನುವವರು ತೂಗುವ ಮೊದಲು ಟ್ರಿಗರ್ ಎಳೆದು ನೋಡಲಿ.