ಕೋಮೋ ಸರೋವರದ ತೀರದಲ್ಲಿ ಒಂದು ದಿನ

ದೇಶಾಟನದಿಂದ ಜ್ಞಾನವು ವೃದ್ಧಿಯಾಗುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಆದರೆ ಸಾವಿರಾರು ಮೈಲಿ ದೂರ ಹೋದವನು ತನ್ನ ಮನೆಯವರ ವಿಷಯವಾಗಿಯೇ ಹೊಸತೊಂದನ್ನು ಕಲಿತು ಬರುವನೆಂಬುದನ್ನು ಕಳೆದ ವೈಶಾಖಮಾಸದವರೆಗೆ ನಾನು ಅರಿತಿರಲಿಲ್ಲ. ನನ್ನ ಮಗನು ಇಟಲಿ ದೇಶದ ಮಿಲಾನ್ ನಗರದಲ್ಲಿ ಉದ್ಯೋಗದಲ್ಲಿರುವನು. ಅವನ ಮನೆಯಲ್ಲಿ ಎರಡು ತಿಂಗಳಿರಲೆಂದು ನಾವು ದಂಪತಿಗಳು ಹೋಗಿದ್ದಾಗ, ಒಂದು ಶನಿವಾರ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಇವರೊಡನೆ ಕೋಮೋ ಸರೋವರವನ್ನು ನೋಡಿಬರಲು ಹೊರಟೆವು.

ಮಿಲಾನಿನಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಆಲ್ಪ್ಸ್ ಪರ್ವತಗಳ ನಡುವೆ ತಲೆಯಿಟ್ಟು, ದಕ್ಷಿಣಕ್ಕೆ ಎರಡು ಕಾಲುಗಳನ್ನು ಅಗಲಿಸಿ ನಿಂತ ಮನುಷ್ಯನಂತೆ ಈ ಸರೋವರದ ಆಕಾರವಿರುವುದು. ಪಶ್ಚಿಮದ ಪಾದದಲ್ಲಿ ಕೋಮೋ ಪಟ್ಟಣ, ಪೂರ್ವದ ಪಾದದಲ್ಲಿ ಲೆಕ್ಕೊ ಪಟ್ಟಣ. ಕಾಲುಗಳು ಕೂಡುವೆಡೆಯಲ್ಲಿ ಬೆಲ್ಲಾಜಿಯೊ ಎಂಬ ಊರು. ಅದ್ದಾ ನದಿಯು ಉತ್ತರದಲ್ಲಿ ಇದರೊಳಗೆ ಸೇರಿ ಲೆಕ್ಕೊವಿನ ಬಳಿ ಹೊರಬೀಳುವುದು. ಪೂರ್ವಕಾಲದಲ್ಲಿ ಹಿಮನದಿಗಳು ಕೊರೆದ ಕಣಿವೆಯಾದುದರಿಂದ ಇದರ ಆಳವು ೪೦೦ ಮೀಟರುಗಳಿಗೂ ಹೆಚ್ಚು. ಐದು ಕುತುಬ್ ಮಿನಾರುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತುದಿ ಕಾಣಿಸದು! ವಿಸ್ತೀರ್ಣವು ಸುಮಾರು ೧೪೬ ಚದರ ಕಿಲೋಮೀಟರು.

ಉಪಾಧ್ಯಾಯನ ಅಭ್ಯಾಸ ಬಿಡುವುದುಂಟೆ? ದಿನದ ಕಾರ್ಯಕ್ರಮವನ್ನೆಲ್ಲ ನಾನು ಹಿಂದಿನ ರಾತ್ರಿಯೇ ಗಂಟೆಗಂಟೆಗೆ ಬರೆದಿಟ್ಟುಕೊಂಡಿದ್ದೆನು. ವೋಲ್ಟಾ ಸ್ಮಾರಕ, ನಾವೆಯಲ್ಲಿ ಬೆಲ್ಲಾಜಿಯೊ, ಎದುರು ದಡದಲ್ಲಿ ವಿಲ್ಲಾ ಕಾರ್ಲೊಟ್ಟಾದ ಹೂದೋಟ, ವರೆನ್ನಾ, ಅಲ್ಲಿಂದ ರೈಲಿನಲ್ಲಿ ಮಿಲಾನು. ನನ್ನ ಗೃಹಿಣಿಯು ಚಿತ್ರಾನ್ನ, ಮೊಸರನ್ನಗಳನ್ನು ಕಟ್ಟಿಕೊಂಡು, ಮೈಸೂರು ರೇಷ್ಮೆಯ ಸೀರೆಯ ಮೇಲೆ ಸೊಸೆಯ ಉಣ್ಣೆಯ ಕೋಟನ್ನು ತೊಟ್ಟು, ಎಂದಿನಂತೆ ಮಾತನಾಡದೆ ಹೊರಟಳು.

ಕೋಮೋ ಪಟ್ಟಣವು ಅಲೆಸ್ಸಾಂಡ್ರೊ ವೋಲ್ಟಾನು ೧೭೪೫ರಲ್ಲಿ ಹುಟ್ಟಿದ ಊರು. ವಿದ್ಯುತ್ಕೋಶವನ್ನು ನಿರ್ಮಿಸಿ ೧೮೦೦ರಲ್ಲಿ ಲೋಕಕ್ಕೆ ತಿಳಿಸಿದ ಮಹನೀಯನೀತನು. ನಮ್ಮ ಮನೆಯ ದೀಪಗಳ ಮೇಲೆ ಬರೆದಿರುವ ವೋಲ್ಟ್ ಎಂಬ ಅಳತೆಯು ಈತನ ಹೆಸರೇ. ನೀರಿನಂಚಿನಲ್ಲಿ ೧೯೨೮ರಲ್ಲಿ ತೆರೆದ ದೇವಾಲಯದಂತಹ ಕಟ್ಟಡದಲ್ಲಿ ಆತನ ಉಪಕರಣಗಳನ್ನು ಇಟ್ಟಿರುವರು. ನಾನು ಮೊಮ್ಮಗಳಿಗೆ ವಿವರಿಸತೊಡಗಿದೆನು. ಅವಳು ಹೊರಗಿನ ಹಂಸಗಳನ್ನು ನೋಡುತ್ತಿದ್ದಳು.

ಅಲ್ಲಿಂದ ನಾವೆಯ ಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನ ಗೃಹಿಣಿಯು ಒಂದು ಭಿತ್ತಿಪತ್ರದ ಮುಂದೆ ನಿಂತುಬಿಟ್ಟಳು. ಅದರಲ್ಲಿ ಹಿಪ್ಪುನೇರಳೆಯ ಎಲೆಯ ಮೇಲೆ ಒಂದು ಹುಳು. “ಇಲ್ಲೂ ಹುಳ ಸಾಕುತ್ತಿದ್ದರೇನು?” ಎಂದು ಕೇಳಿದಳು. ಇದು ಪಟ್ಟಣದ ರೇಷ್ಮೆ ವಸ್ತುಸಂಗ್ರಹಾಲಯದ ಪ್ರಕಟಣೆಯೆಂದು ಸೊಸೆ ಹೇಳಿದಳು. ಅಲ್ಲಿಗೆ ಹೋದರೆ ನಾವೆ ತಪ್ಪುವುದೆಂದು ನಾನು ಗಡಿಯಾರವನ್ನು ತೋರಿಸಿದೆನು. “ನೀವೆಲ್ಲ ತೋಟ ನೋಡಿಕೊಂಡು ಬನ್ನಿ. ನಾನು ಇದನ್ನು ನೋಡಿಕೊಂಡು ಇಲ್ಲೇ ಎಲ್ಲಾದರೂ ಕೂತಿರುತ್ತೇನೆ” ಎಂದಳು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ತಾನಾಗಿ ಒಂದನ್ನು ನೋಡಬೇಕೆಂದು ಆಕೆ ಕೇಳಿದುದು ನನಗೆ ನೆನಪಿಲ್ಲ. ಎಲ್ಲರೂ ಅಲ್ಲಿಗೇ ಹೋದೆವು.

೧೫ನೆಯ ಶತಮಾನದ ಕೊನೆಯಲ್ಲಿ ಮಿಲಾನಿನ ದೊರೆ ಲುದೊವಿಕೊ ಸ್ಫೋರ್ಜಾನು ಈ ಸೀಮೆಯಲ್ಲಿ ಹಿಪ್ಪುನೇರಳೆಯ ಬೆಳೆಗೆ ಪ್ರೋತ್ಸಾಹ ಕೊಟ್ಟನು. ಮುಂದೆ ರೈತರ ಮನೆಮನೆಯಲ್ಲಿಯೂ ಹುಳು ಸಾಕಣೆ ನಡೆಯಿತು. ೧೯ನೆಯ ಶತಮಾನದ ಮಧ್ಯದಲ್ಲಿ ಗಂಟುರೋಗವು ಹರಡಿ ಯೂರೋಪಿನ ಹುಳುಗಳು ನಾಶವಾಗಲು, ಇಟಲಿಯ ವರ್ತಕರು ಮೊಟ್ಟೆಗಳಿಗಾಗಿ ಜಪಾನಿನವರೆಗೆ ಹೋದರು. ಫ್ರಾನ್ಸಿನ ಲೂಯಿ ಪಾಸ್ಟರನು ೧೮೬೫ರಿಂದ ಈ ರೋಗವನ್ನು ಪರಿಶೋಧಿಸಿ, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿರ್ದೋಷವಾದ ಮೊಟ್ಟೆಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ರಮವನ್ನು ತೋರಿಸಿಕೊಟ್ಟನು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತಿರುವುದು. ಈಗ ಕೋಮೋ ಸೀಮೆಯಲ್ಲಿ ಸಾಕಣೆಯು ನಿಂತುಹೋಗಿ, ಬಹುಮಟ್ಟಿಗೆ ಚೀನಾದ ನೂಲನ್ನು ತರಿಸಿ ನೇಯ್ದು, ಬಣ್ಣ ಕಟ್ಟಿ, ಅಚ್ಚು ಹಾಕುವ ಕೆಲಸವು ಮಾತ್ರ ಉಳಿದಿರುವುದು.

ಇಷ್ಟನ್ನು ಸೊಸೆಯು ಫಲಕಗಳಿಂದ ಓದಿಯೂ ಮಗನು ತನಗೆ ತಿಳಿದುದನ್ನು ಕೂಡಿಸಿಯೂ ನಮಗೆ ಹೇಳಿದರು. ಆದರೆ ಸಾಕಣೆಯ ಸಲಕರಣೆಗಳ ಮುಂದೆ ಬಂದಾಗ ಹೇಳುವವಳು ನನ್ನ ಗೃಹಿಣಿಯಾದಳು. ಆಕೆಯ ತವರು ಶಿಡ್ಲಘಟ್ಟದ ಕಡೆಯ ಹಳ್ಳಿ. “ಇದು ತಟ್ಟೆ. ಚಾಕಿ ಹುಳಕ್ಕೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಅದಕ್ಕೆ ನಾಲ್ಕು ಸಲ ಜ್ವರ ಬರುತ್ತೆ” ಎಂದಳು. ಮೊಮ್ಮಗಳು ಗಾಬರಿಯಿಂದ “ಜ್ವರವೇ, ಅಜ್ಜಿ?” ಎಂದಳು. ಹುಳುವು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು ಪೊರೆ ಕಳಚುವುದನ್ನು ನಮ್ಮವರು ಜ್ವರವೆನ್ನುವರು. ಇಟಲಿಯವರು ಅದನ್ನೇ ನಿದ್ರೆಯೆನ್ನುವರಂತೆ. ಹಣ್ಣಾದ ಹುಳುವನ್ನು ನಾವು ಚಂದ್ರಿಕೆಗೆ ಬಿಡುವೆವು. ಅವರು ಒಣಕೊಂಬೆಗಳನ್ನು ನಿಲ್ಲಿಸಿ, ಹುಳು ಕಾಡಿಗೆ ಹೋಯಿತೆನ್ನುತ್ತಿದ್ದರಂತೆ. ಕೌಶೇಯ, ಚೀನಾಂಶುಕ ಎಂಬ ಶಬ್ದಗಳ ಅರ್ಥವನ್ನು ನಾನು ಎಷ್ಟು ಸಲ ಬೋಧಿಸಿಲ್ಲ! ಆದರೆ ಹುಳುವಿನ ಜ್ವರವು ನನ್ನ ಯಾವ ನಿಘಂಟಿನಲ್ಲಿಯೂ ಇರಲಿಲ್ಲ.

ಅಲ್ಲಿ ಕಾವಲಿದ್ದ ವೃದ್ಧೆಯೊಬ್ಬಳು ಬಂದು, ಅನುಮತಿಯನ್ನು ಕೇಳಿ, ಸೀರೆಯ ಸೆರಗನ್ನು ಎರಡು ಬೆರಳುಗಳಿಂದ ಮುಟ್ಟಿನೋಡಿ ತಲೆದೂಗಿದಳು. ತನ್ನ ತಾಯಿ ಹನ್ನೆರಡನೆಯ ವಯಸ್ಸಿಗೇ ನೂಲು ಬಿಚ್ಚುವ ಕಾರ್ಖಾನೆಗೆ ಸೇರಿದವಳೆಂದೂ, ದಿನವೆಲ್ಲ ಬಿಸಿನೀರಿನ ಬೋಗುಣಿಯಲ್ಲಿ ಕೈಯಾಡಿಸಿ ಅವಳ ಬೆರಳುಗಳ ಚರ್ಮವು ಬಿರಿದಿರುತ್ತಿದ್ದಿತೆಂದೂ ಹೇಳಿದಳು. ಸೊಸೆಯು ಇದನ್ನು ತಿಳಿಸಲು, ನನ್ನ ಗೃಹಿಣಿಯು ಮಾತಿಲ್ಲದೆ ಆ ವೃದ್ಧೆಯ ಕೈಯನ್ನು ಹಿಡಿದುಕೊಂಡಳು. ಬಳಿಕ ಮೊಮ್ಮಗಳ ಕಡೆಗೆ ತಿರುಗಿ, “ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಅದು ತಿನ್ನುವ ಸದ್ದು ಮಳೆ ಬಂದ ಹಾಗಿರುತ್ತೆ. ನಾನು ಐದನೇ ತರಗತಿಯಲ್ಲಿದ್ದಾಗ ಅಮ್ಮನಿಗೆ ಕಾಯಿಲೆಯಾಯಿತು. ಸೊಪ್ಪು ಹಾಕುವವರಿರಲಿಲ್ಲ. ಆ ಬೆಳೆ ಮುಗಿಯಲಿ, ಸ್ಕೂಲಿಗೆ ಹೋಗುವೆಯಂತೆ ಅಂದರು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆ ಬಂತು” ಎಂದಳು.

ನಾನು ಒಂದು ಪೆಟ್ಟಿಗೆಯ ಗಾಜನ್ನು ನೋಡುತ್ತ ನಿಂತೆನು. ಮದುವೆಯ ಸಮಯದಲ್ಲಿ ಹುಡುಗಿಯ ಓದು ಐದನೆಯ ತರಗತಿಯೆಂದು ಹೇಳಿದ್ದರು. ಓದಿನಲ್ಲಿ ಆಸಕ್ತಿಯಿರಲಿಲ್ಲವೆಂದು ನಾನೇ ಊಹಿಸಿ ಸುಮ್ಮನಾಗಿದ್ದೆನು. ಕಾರಣವನ್ನು ಒಂದು ದಿನವಾದರೂ ಕೇಳಲಿಲ್ಲ. ಅಂತಹ ಹಳ್ಳಿಗಳಲ್ಲಿಯೇ ನಾನು ಅನೇಕ ವರ್ಷ ಪಾಠ ಹೇಳಿದವನು. ಹಾಜರಿ ಪುಸ್ತಕದಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕಿದೆನು. ಮರಳಿ ಬಂದವರನ್ನು ಗದರಿಸಿದೆನು. ಅವರ ಮನೆಯಲ್ಲಿ ಆ ವಾರ ಎಷ್ಟನೆಯ ಜ್ವರವೆಂದು ವಿಚಾರಿಸಿದವನಲ್ಲ.

ನಾವೆ ತಪ್ಪಿತು. ಮುಂದಿನದಕ್ಕಾಗಿ ಬಹಳ ಹೊತ್ತು ಕಾಯಬೇಕಾಯಿತು. ಕಟ್ಟೆಯ ಮೇಲೆ ಕುಳಿತು ಬುತ್ತಿಯನ್ನು ಉಂಡೆವು. ಮಧ್ಯಾಹ್ನವಾಗುತ್ತಲೇ ದಕ್ಷಿಣದಿಂದ ಬ್ರೇವಾ ಎಂಬ ಗಾಳಿಯೆದ್ದಿತು. ಬೆಳಗಿನ ಜಾವ ಉತ್ತರದಿಂದ ಬೀಸುವ ಗಾಳಿಗೆ ತಿವಾನೊ ಎಂದು ಹೆಸರು. ಬೆಸ್ತರೂ ಹಾಯಿದೋಣಿಯವರೂ ಇವೆರಡನ್ನು ನಂಬಿಯೇ ಸಂಚಾರ ಮಾಡುತ್ತಿದ್ದರು. ನಾವೆಯು ದಡದಿಂದ ದಡಕ್ಕೆ ಹೋಗುತ್ತಿರಲು, ಬೆಟ್ಟದ ಬುಡದಲ್ಲಿ ಗಂಟೆಗೋಪುರಗಳು, ಮೇಲೆ ಹಸಿರು ಕಾಡು, ಅದಕ್ಕೂ ಮೇಲೆ ಕರಗದೆ ಉಳಿದ ಹಿಮ ಇವುಗಳನ್ನು ಕಂಡೆವು. ವಿಲ್ಲಾ ಕಾರ್ಲೊಟ್ಟಾದ ಹೂದೋಟವನ್ನು ನೀರಿನ ಮೇಲಿನಿಂದಲೇ ನೋಡಿ ಮುಂದುವರಿದೆವು. ಬೆಲ್ಲಾಜಿಯೊವಿನ ಓಣಿಗಳೆಲ್ಲ ಕಲ್ಲುಮೆಟ್ಟಿಲುಗಳು. ಮಂಡಿನೋವುಳ್ಳ ಆಕೆಯೊಡನೆ ನಾನು ಕೆಳಗೆಯೇ ಕುಳಿತು, ತವರಿನ ಸಂಗತಿಗಳನ್ನು ಒಂದೊಂದಾಗಿ ಕೇಳಿದೆನು. ಮೊದಲು ಸಂಕೋಚಪಟ್ಟಳು, ಅನಂತರ ತಾನಾಗಿಯೇ ಹೇಳತೊಡಗಿದಳು.

ಸಂಜೆ ವರೆನ್ನಾದಲ್ಲಿ ರೈಲಿಗಾಗಿ ಕಾಯುತ್ತಿರುವಾಗ ಮೊಮ್ಮಗಳು ನನ್ನ ಟಿಪ್ಪಣಿ ಪುಸ್ತಕವನ್ನು ಕೇಳಿ ತೆಗೆದುಕೊಂಡಳು. ಒಂದು ತಿಂಗಳಿಂದ ಅವಳಿಗೆ ಕನ್ನಡದ ಅಕ್ಷರಗಳನ್ನು ಕಲಿಸಲು ನಾನು ಪಟ್ಟ ಶ್ರಮವು ಅಷ್ಟಾಗಿ ಫಲಿಸಿರಲಿಲ್ಲ. ಈಗ ಅಜ್ಜಿಯ ಬಾಯಿಂದ ಕೇಳಿಕೊಂಡು, ನನ್ನ ಕಾರ್ಯಕ್ರಮದ ಕೆಳಗೆಯೇ ಚಾಕಿ, ಚಂದ್ರಿಕೆ, ಗೂಡು ಎಂದು ಬರೆದಳು. ಚಂದ್ರಿಕೆಯಲ್ಲಿ ಒತ್ತಕ್ಷರ ತಪ್ಪಿತ್ತು. ಅದನ್ನು ತಿದ್ದಿದವನು ನಾನಲ್ಲ. ಅವಳ ಅಜ್ಜಿಯೇ ತಿದ್ದಿದಳು.

ವಾಚಕರಲ್ಲಿ ಕೋಮೋ ಸರೋವರಕ್ಕೆ ಹೋಗತಕ್ಕವರು ಕೆಲವರೇ ಇರಬಹುದು. ಆದರೆ ಮನೆಯವರನ್ನು ಕುಳ್ಳಿರಿಸಿಕೊಂಡು ಅವರ ಬಾಲ್ಯದ ಸಂಗತಿಯನ್ನು ಕೇಳಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಾನು ಅಷ್ಟು ದೂರ ಹೋಗಿ ಕೇಳಿದೆನು. ನೀವು ಇಂದೇ ಕೇಳಬಹುದು.