ಹೋಗ್ತೀನಿ ಅನ್ಬೇಡಿ, ಹೋಗಿ ಬರ್ತೀನಿ ಅನ್ನಿ



ಕಳೆದ ತಿಂಗಳು ಕೊರಟಗೆರೆ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿಸಿಕೊಂಡು, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಆದಮೇಲೆ ನಮ್ಮ ಕಾರ್ಯಕರ್ತೆ ಮೆಲ್ಲಗೆ ವಿಷಯ ತೆಗೆದರು. "ಅಕ್ಕಂದಿರೇ, ನನಗೆ ಬೇರೆ ಕಡೆ ಕೆಲಸ ಹಾಕಿದ್ದಾರೆ. ಮುಂದಿನ ತಿಂಗಳು ಹೋಗ್ತೀನಿ" ಅಂದರು. ಒಂಬತ್ತು ವರ್ಷ ಆ ಊರಿನ ಜಗಲಿಗಳ ಮೇಲೆ ಕೂತು ಲೆಕ್ಕ ಬರೆಸಿದವರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು, "ಹೋಗ್ತೀನಿ ಅನ್ಬಾರ್ದು ಕಣವ್ವ, ಹೋಗ್ಬತ್ತೀನಿ ಅನ್ನು" ಅಂತ ಗದರಿದರು. ಎಲ್ಲರೂ ನಕ್ಕರು. ಒಂದಿಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆ ಅಜ್ಜಿ ಹೇಳಿದ ಮಾತು ನಮ್ಮೆಲ್ಲರ ಮನೆಯಲ್ಲೂ ಇದೆ. ಪಾವಗಡದ ತೆಲುಗು ಮಾತಾಡುವ ಮನೆಗಳಲ್ಲೂ 'ಪೋಯಿ ವಸ್ತಾನು' ಅಂತಾರೆಯೇ ಹೊರತು ಬರೀ 'ಪೋತಾನು' ಅನ್ನೋದಿಲ್ಲ. ಶಿರಾದ ಮುಸಲ್ಮಾನ ಸಹೋದರಿಯರು 'ಖುದಾ ಹಾಫಿಜ್' ಅಂತಾರೆ, ದೇವರು ಕಾಯಲಿ ಅಂತ ಅರ್ಥ. ನಮ್ಮ ಮಕ್ಕಳು ಶಾಲೆಗೆ ಹೊರಡುವಾಗ ಕೈ ಬೀಸಿ ಹೇಳುವ 'ಗುಡ್ ಬೈ' ಕೂಡ 'ದೇವರು ನಿಮ್ಮ ಜೊತೆ ಇರಲಿ' ಅನ್ನುವ ಹಳೆಯ ಇಂಗ್ಲಿಷ್ ಮಾತು ಸವೆದು ಸವೆದು ಆದದ್ದು. ಹೋಗುವವರ ಕೈಗೆ ಒಂದು ಹರಕೆ ಕೊಟ್ಟು ಕಳಿಸಬೇಕು ಅನ್ನುವುದು ಎಲ್ಲ ಕಡೆಯ ಜನಕ್ಕೂ ತಾವಾಗಿಯೇ ಹೊಳೆದಿದೆ.

ಸಭೆ ಮುಗಿದು ಹೊರಡುವಾಗ ಒಬ್ಬ ಸದಸ್ಯೆ ಕೇಳಿದರು: "ನಿಮ್ಮ ಧರ್ಮದಲ್ಲಿ ಅಗಲಿಕೆಗೆ ಏನಂತಾರೆ? ಸಮಾಧಾನ ಹೆಂಗೆ ಮಾಡ್ಕೋತೀರಿ?" ಅವರ ಗಂಡ ತೀರಿಕೊಂಡು ಆಗಿನ್ನೂ ಐದು ತಿಂಗಳು. ಬಸ್ಸಿಗೆ ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಬರಹ. ನಿಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಅದು ನಮಗೆ ಗೊತ್ತು. ಕೇಳಿದ್ದಕ್ಕೆ ನಮ್ಮ ನಂಬಿಕೆಯಲ್ಲಿ ಇರುವುದನ್ನು ಹೇಳುತ್ತಿದ್ದೇವೆ, ಅಷ್ಟೇ.

ಯೇಸುಸ್ವಾಮಿಯವರು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತರು. ಅವರ ಕಾಲು ತೊಳೆದರು. ತಾನು ಹೋಗುತ್ತಿದ್ದೇನೆ ಅನ್ನುವುದನ್ನು ಮುಚ್ಚಿಡಲಿಲ್ಲ. ಯೊವಾನ್ನರ ಶುಭಸಂದೇಶದಲ್ಲಿ 13ರಿಂದ 17ನೇ ಅಧ್ಯಾಯದವರೆಗೆ, ಐದು ಅಧ್ಯಾಯ, ಆ ಒಂದು ರಾತ್ರಿಯ ಮಾತೇ ಇದೆ. ಅದರಲ್ಲಿ ಅಳಬೇಡಿ ಅಂತ ಗದರುವ ಮಾತಿಲ್ಲ. ನಿಮಗೆ ದುಃಖವಾಗುತ್ತದೆ ಅಂತಲೇ ಅವರು ಹೇಳಿದರು, ಆಮೇಲೆ ಹೆರಿಗೆಯ ಹೋಲಿಕೆ ಕೊಟ್ಟರು. ಹೆರುವ ಹೆಂಗಸಿಗೆ ನೋವು ಬಂದಾಗ ಅದು ನಿಜವಾದ ನೋವೇ, ಸುಳ್ಳಲ್ಲ. ಆದರೆ ಮಗು ಕೈಗೆ ಬಂದಮೇಲೆ ಅವಳ ಮನಸ್ಸು ಬೇರೆಯೇ ಆಗುತ್ತದೆ. ಆ ಮನೆಯಲ್ಲಿ ಕೂತು ಕೇಳಿದ ಗಂಡಸರಿಗಿಂತ ಈ ಹೋಲಿಕೆ ನಿಮಗೇ ಚೆನ್ನಾಗಿ ಗೊತ್ತಾಗುತ್ತದೆ. ಅವರೂ ಅತ್ತವರೇ. ಬೆಥಾನಿಯದ ಗೆಳೆಯ ಲಾಸರ ಸತ್ತಾಗ, ಅವನನ್ನು ಎಬ್ಬಿಸುವ ಮೊದಲು, ಅವನ ಅಕ್ಕತಂಗಿಯರ ಜೊತೆ ನಿಂತು ಕಣ್ಣೀರು ಹಾಕಿದರು. ಆದ್ದರಿಂದ ಸಾವಿನ ಮನೆಗೆ ಹೋಗಿ, "ದೇವರ ಚಿತ್ತ, ಅಳಬೇಡಿ" ಅಂತ ಬಾಗಿಲಲ್ಲೇ ಹೇಳಿಬಿಡುವುದು ನಮಗೆ ಸರಿ ಕಾಣುವುದಿಲ್ಲ. ಅದು ನಿಜವೇ ಇರಬಹುದು, ಆದರೆ ಅದನ್ನು ಹೇಳುವ ಹೊತ್ತು ಅದಲ್ಲ. ಮೊದಲು ಜೊತೆಗೆ ಕೂರಬೇಕು.

ಇನ್ನೊಂದು ಸಂಗತಿ ಇದೆ, ನಾವು ಅಷ್ಟಾಗಿ ಗಮನಿಸುವುದಿಲ್ಲ. ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗ ಯೇಸು ತಮ್ಮ ತಾಯಿಯನ್ನು ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದರು. ಆ ದಿನದಿಂದ ಆ ಶಿಷ್ಯ ಮರಿಯಮ್ಮನವರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅಷ್ಟು ನೋವಿನಲ್ಲೂ, ನಾನು ಹೋದಮೇಲೆ ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಅಂತ ಹೇಳಿಯೇ ಹೋದರು. ಇದರ ಬಗ್ಗೆ ಮುಂದೆ ಇನ್ನೊಂದು ಮಾತು ಹೇಳುವುದಿದೆ.

ಪುನರುತ್ಥಾನವಾಗಿ ನಲವತ್ತು ದಿನ ಆದಮೇಲೆ ಅವರು ಸ್ವರ್ಗಕ್ಕೆ ಏರಿದರು. ಅದನ್ನು ಲೂಕರು ಬರೆದಿರುವ ರೀತಿ ನೋಡಿ: ಕೈಗಳನ್ನೆತ್ತಿ ಆಶೀರ್ವದಿಸುತ್ತಿರುವಾಗಲೇ ಅವರು ಶಿಷ್ಯರಿಂದ ಬೇರೆಯಾದರು. ಆಶೀರ್ವಾದ ಮುಗಿಸಿ ಹೋದರು ಅಂತ ಬರೆದಿಲ್ಲ. ಎತ್ತಿದ ಕೈ ಇಳಿಸಿದ ಸುದ್ದಿಯೇ ಇಲ್ಲ. ಶಿಷ್ಯರು ಸಂತೋಷದಿಂದ ಊರಿಗೆ ಹಿಂತಿರುಗಿದರಂತೆ. ಗುರುವನ್ನು ಕಳಿಸಿಕೊಟ್ಟು ಬಂದವರಿಗೆ ಸಂತೋಷ ಎಲ್ಲಿಂದ? ಹೋದವರು ನಮ್ಮನ್ನು ಮರೆತಿಲ್ಲ, ಅವರ ಹರಕೆ ಇನ್ನೂ ನಮ್ಮ ತಲೆ ಮೇಲಿದೆ ಅನ್ನುವ ನಂಬಿಕೆಯಿಂದ. ಕ್ರೈಸ್ತ ವಿಶ್ವಾಸದ ಭರವಸೆ ಅಂದರೆ ಇದೇ. ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವುದು ಈ ನಂಬಿಕೆಯಿಂದಲೇ. ಸತ್ತವರಿಗಾಗಿ ನಾವು ಪ್ರಾರ್ಥಿಸುತ್ತೇವೆ, ಅವರು ನಮಗಾಗಿ ಪ್ರಾರ್ಥಿಸುತ್ತಾರೆ, ಮತ್ತೆ ಸೇರುತ್ತೇವೆ.

ನಮ್ಮ ಕಡೆ ಯಾರಾದರೂ ದೂರ ಹೊರಟರೆ ಬುತ್ತಿ ಕಟ್ಟಿ ಕಳಿಸುತ್ತೇವೆ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೇಲೆ ಒಂದು ಈರುಳ್ಳಿ. ಕಥೋಲಿಕರಲ್ಲಿ ಸಾಯುವವರಿಗೆ ಕೊನೆಯದಾಗಿ ಕೊಡುವ ಪರಮಪ್ರಸಾದಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ವಿಯಾತಿಕುಂ' ಅಂತ ಹೆಸರು. ಆ ಪದದ ಅರ್ಥವೇ ದಾರಿಯ ಬುತ್ತಿ. ದಾರಿ ದೂರ, ಹಸಿದುಕೊಂಡು ಹೋಗಬಾರದು ಅಂತ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಬೇರೆ. ಅದನ್ನು ಸಾಯುವ ಹೊತ್ತಿಗೆ ಮಾತ್ರ ಅಂತ ತಿಳಿದು ಗುರುಗಳನ್ನು ಕರೆಯಲು ಹೆದರುವ ಮನೆಗಳು ಈಗಲೂ ಇವೆ. "ಫಾದರ್ ಬಂದ್ರೆ ಅಪ್ಪಂಗೆ ಗೊತ್ತಾಗೋಗುತ್ತೆ" ಅಂತಾರೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯೇ ಇದನ್ನು ತಿದ್ದಿದೆ: ಗಂಭೀರ ಕಾಯಿಲೆ ಬಂದಾಗಲೇ, ರೋಗಿಗೆ ಬಲ ಬರಲಿ ಅಂತ ಕೊಡಬೇಕಾದದ್ದು ಅದು. ಬುತ್ತಿಯನ್ನು ಬಸ್ಸು ಹೋದಮೇಲೆ ಕಟ್ಟಿ ಏನು ಪ್ರಯೋಜನ?

ಈಗ ಮಕ್ಕಳ ಮಾತಿಗೆ ಬರೋಣ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೋಗುತ್ತದೆ, ಕಡಲೆಕಾಯಿ ಹೋದರೆ ಮಗ ಪೀಣ್ಯಕ್ಕೆ, ಮಗಳು ಗಾರ್ಮೆಂಟ್ಸಿಗೆ. ಕೆಲವರು ಹೇಳಿ ಹೋಗುತ್ತಾರೆ. ಕೆಲವರು ರಾತ್ರೋರಾತ್ರಿ ಹೊರಟು, ಬೆಂಗಳೂರಿನಿಂದ ಫೋನ್ ಮಾಡುತ್ತಾರೆ. ಹೀಗೆ ಮಗನಿಂದ ಮೋಸ ಹೋದ ತಾಯಿಯೊಬ್ಬಳು ನಮ್ಮ ಸಂತರ ಪಟ್ಟಿಯಲ್ಲಿದ್ದಾಳೆ. ಹೆಸರು ಮೋನಿಕಾ. ಸುಮಾರು 1,700 ವರ್ಷದ ಹಿಂದೆ ಉತ್ತರ ಆಫ್ರಿಕದಲ್ಲಿದ್ದವಳು. ಗಂಡ ಮುಂಗೋಪಿ. ಮಗ ಅಗಸ್ಟೀನ್ ಓದಿನಲ್ಲಿ ಬಹಳ ಬುದ್ಧಿವಂತ, ಆದರೆ ತಾಯಿಯ ಮಾತು ಕೇಳುವವನಲ್ಲ. 383ರಲ್ಲಿ ಅವನು ರೋಮ್ ನಗರಕ್ಕೆ ಹೋಗಲು ತಯಾರಾದ. ತಾಯಿ ಬಂದರಿನವರೆಗೂ ಬಂದು, ಹೋಗಬೇಡ, ಇಲ್ಲ ನನ್ನನ್ನೂ ಕರೆದುಕೊಂಡು ಹೋಗು ಅಂತ ಹಟ ಹಿಡಿದಳು. ಅವನು ಸುಳ್ಳು ಹೇಳಿದ. ಗೆಳೆಯನನ್ನು ಹಡಗು ಹತ್ತಿಸಲು ಬಂದಿದ್ದೇನೆ, ಗಾಳಿ ಬರುವವರೆಗೆ ಅವನ ಜೊತೆ ಇರುತ್ತೇನೆ ಅಂದ. ತಾಯಿಯನ್ನು ಹತ್ತಿರದ ಸಂತ ಸಿಪ್ರಿಯನ್ನರ ಗುಡಿಯಲ್ಲಿ ಮಲಗಲು ಒಪ್ಪಿಸಿದ. ಅವಳು ರಾತ್ರಿಯಿಡೀ ಅಳುತ್ತಾ ಪ್ರಾರ್ಥಿಸುತ್ತಿರುವಾಗ ಅವನು ಹಡಗು ಹತ್ತಿ ಹೋಗಿಬಿಟ್ಟ. ಬೆಳಗ್ಗೆ ದಡದಲ್ಲಿ ಅವಳು ಗೋಳಾಡಿದಳು.

ಇದನ್ನೆಲ್ಲ ಬರೆದಿಟ್ಟವನು ಆ ಮಗನೇ, ಆಮೇಲೆ ನಾಚಿಕೊಂಡು. ಆ ರಾತ್ರಿ ಅಮ್ಮ ಕೇಳಿದ್ದನ್ನು ದೇವರು ಕೊಡಲಿಲ್ಲ, ಅವಳು ಜೀವಮಾನವೆಲ್ಲ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಅಂತ ಅವನಿಗೆ ಆಮೇಲೆ ಅರ್ಥವಾಯಿತು. ಮೋನಿಕಾ ಸುಮ್ಮನೆ ಕೂರಲಿಲ್ಲ. ಸಮುದ್ರ ದಾಟಿ ಮಗನನ್ನು ಹುಡುಕಿಕೊಂಡು ಇಟಲಿಗೆ ಹೋದಳು. 387ರಲ್ಲಿ ಅವನು ಮಿಲಾನ್ ನಗರದಲ್ಲಿ ದೀಕ್ಷಾಸ್ನಾನ ಪಡೆದ. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ, ಓಸ್ತಿಯ ಬಂದರಿನಲ್ಲಿ ಅವಳಿಗೆ ಜ್ವರ ಬಂತು. ಗಂಡನ ಸಮಾಧಿಯ ಪಕ್ಕ ತನಗೂ ಜಾಗ ಮಾಡಿಟ್ಟುಕೊಂಡಿದ್ದವಳು ಅವಳು. ಕೊನೆಗೆ ಮಕ್ಕಳಿಗೆ ಹೇಳಿದ್ದು, ದೇಹವನ್ನು ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ, ನೀವು ಎಲ್ಲಿದ್ದರೂ ಪೂಜೆಯ ಹೊತ್ತಿನಲ್ಲಿ ನನ್ನನ್ನು ನೆನೆಯಿರಿ ಅಂತ. ದಡದಲ್ಲಿ ಗೋಳಾಡಿದ ಅದೇ ಹೆಂಗಸು! ಆಗಸ್ಟ್ 27 ಅವಳ ಹಬ್ಬ, ಮರುದಿನವೇ ಮಗನ ಹಬ್ಬ.

ಎಲ್ಲರ ಮಕ್ಕಳೂ ಹೀಗೆ ಸಿಗುತ್ತಾರೆ ಅಂತ ನಾವು ಹೇಳುತ್ತಿಲ್ಲ. ಮದರ್ ತೆರೇಸಾ 1928ರಲ್ಲಿ, 18ನೇ ವಯಸ್ಸಿನಲ್ಲಿ ಮನೆ ಬಿಟ್ಟರು. ಆಮೇಲೆ ತಮ್ಮ ತಾಯಿಯ ಮುಖ ನೋಡಲೇ ಇಲ್ಲ. ತಾಯಿ 1972ರಲ್ಲಿ ಅಲ್ಬೇನಿಯ ದೇಶದಲ್ಲಿ ತೀರಿಕೊಂಡರು. ಅಲ್ಲಿನ ಸರ್ಕಾರ ತಾಯಿ ಮಗಳು ಸೇರಲು ಬಿಡಲಿಲ್ಲ. ಆದರೆ 1952ರಲ್ಲಿ ಕೋಲ್ಕತ್ತದ ಕಾಳಿಘಾಟ್‌ನಲ್ಲಿ ಬೀದಿಯಲ್ಲಿ ಸಾಯುತ್ತಿದ್ದವರಿಗೆ ಅವರು ಮನೆ ತೆರೆದಾಗ, ಅಲ್ಲಿ ಹಿಂದೂಗಳಿಗೆ ಗಂಗಾಜಲ, ಮುಸಲ್ಮಾನರಿಗೆ ಕುರಾನ್ ಓದು, ಕ್ರೈಸ್ತರಿಗೆ ಅಂತಿಮ ಸಂಸ್ಕಾರ, ಹೀಗೆ ಅವರವರ ಪದ್ಧತಿಯಂತೆ ಬೀಳ್ಕೊಡುಗೆ ನಡೆಯಿತು. ತನ್ನ ತಾಯಿಗೆ ನೀರು ಬಿಡಲಾಗದವರು ಯಾರ್ಯಾರದೋ ತಾಯಿಗೆ ನೀರು ಬಿಟ್ಟರು.

ಕೆಲವು ಅಗಲಿಕೆಗಳನ್ನು ನಾವೇ ಶಿಕ್ಷೆ ಮಾಡಿಟ್ಟಿದ್ದೇವೆ, ಅದನ್ನೂ ಹೇಳಬೇಕು. ಮಗಳನ್ನು ಮಡಿಲು ತುಂಬಿ ಕಳಿಸುತ್ತೇವೆ. ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ಹರಕೆಯೇ. ಆಮೇಲೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಅಂತ ಬಾಗಿಲು ಹಾಕಿದರೆ ಆ ಹರಕೆಗೆ ಏನರ್ಥ? ತೊಬಿತನ ಗ್ರಂಥದಲ್ಲಿ ಸಾರಾಳ ತಂದೆ ತಾಯಿ ಅವಳನ್ನು ಗಂಡನ ಮನೆಗೆ ಕಳಿಸುವಾಗ ಆಸ್ತಿಯಲ್ಲಿ ಅರ್ಧ ಕೊಟ್ಟರು. ತಾಯಿ ಅಳಿಯನಿಗೆ, ನನ್ನ ಮಗಳ ಮನಸ್ಸು ನೋಯಿಸಬೇಡ ಅಂತ ಹೇಳಿ ಒಪ್ಪಿಸಿದಳು. ನಮ್ಮ ಕಾನೂನೂ ಹಾಗೇ ಹೇಳುತ್ತದೆ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು. ಆ ವರ್ಷಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಂಡ ಸತ್ತವಳ ಬಳೆ ಒಡೆದು, ಕುಂಕುಮ ಅಳಿಸಿ, ಮದುವೆಮನೆಯಲ್ಲಿ ಹಿಂದಿನ ಸಾಲಿಗೆ ಕೂರಿಸುವುದೂ ಇಂಥದ್ದೇ. ಒಬ್ಬರನ್ನು ಕಳಕೊಂಡವಳು ಊರನ್ನೂ ಕಳಕೊಳ್ಳಬೇಕಾ? ಮೊದಲ ಕಾಲದ ಕ್ರೈಸ್ತ ಸಭೆಯಲ್ಲಿ ದಿನದ ಊಟ ಹಂಚುವಾಗ ಕೆಲವು ವಿಧವೆಯರಿಗೆ ಸಿಗುತ್ತಿಲ್ಲ ಅಂತ ದೂರು ಬಂದ ತಕ್ಷಣ, ಆ ಕೆಲಸಕ್ಕೇ ಏಳು ಜನರನ್ನು ಆರಿಸಿದರು. ಮಧುಗಿರಿ ಕಡೆಯ ಒಂದು ಸಂಘದಲ್ಲಿ ಪೂಜೆಯ ದಿನ ಅರಿಶಿನ ಕುಂಕುಮವನ್ನು ಒಬ್ಬರನ್ನೂ ಬಿಡದೆ ಎಲ್ಲರಿಗೂ ಕೊಡುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಶುರುವಿನಲ್ಲಿ ಗೊಣಗಾಟ ಇತ್ತಂತೆ, ಈಗ ಯಾರೂ ಮಾತಾಡುವುದಿಲ್ಲ.

ಹೊಲಕ್ಕೂ ವಿದಾಯ ಹೇಳಿದವರಿದ್ದಾರೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಗುತ್ತಿಗೆಗೆ ಹೋಗಿ, 2018ರಲ್ಲಿ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ಭೂಮಿ ಇದ್ದವರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಬಂತು. ಆ ಹೊಲಗಳಲ್ಲಿ ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿ ಹೆಂಗಸರಿಗೆ ಬಾಡಿಗೆ ಇಲ್ಲ. ಅವರ ನಷ್ಟಕ್ಕೆ ಬರೀ ಪ್ರಾರ್ಥನೆ ಸಾಲದು, ಕೆಲಸ ಬೇಕು. ಸಂಘದ ಸಾಲ ಕೊಡುವಾಗ ಅಂಥವರ ಅರ್ಜಿ ಮೊದಲು ನೋಡಿ.

ಶಿಲುಬೆಯ ಮೇಲಿಂದ ತಾಯಿಯ ಜವಾಬ್ದಾರಿ ಹೇಳಿದ ಮಾತಿಗೆ ವಾಪಸ್ ಬರುತ್ತೇವೆ. ಹೋಗುವ ಮುಂಚೆ ವ್ಯವಸ್ಥೆ ಮಾಡಿಡುವುದು ಅಪಶಕುನವಲ್ಲ, ಪ್ರೀತಿ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ಸಂಘದ ಪುಸ್ತಕದಲ್ಲಿ ನಾಮಿನಿ ಹೆಸರು ಇದೆಯಾ ನೋಡಿಕೊಳ್ಳಿ. 18ರಿಂದ 50 ವರ್ಷದವರು ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ಟಿ ಜೀವನ ಜ್ಯೋತಿ ವಿಮೆ ಮಾಡಿಸಬಹುದು. 70 ವರ್ಷದವರೆಗಿನವರು 20 ರೂಪಾಯಿಗೆ ಸುರಕ್ಷಾ ಅಪಘಾತ ವಿಮೆ ಮಾಡಿಸಬಹುದು. ಎರಡರಲ್ಲೂ ಸಾವಾದರೆ ಮನೆಯವರಿಗೆ 2 ಲಕ್ಷ ಬರುತ್ತದೆ, ಆದರೆ ಎರಡನೆಯದು ಅಪಘಾತದ ಸಾವಿಗೆ ಮಾತ್ರ. ಮರಣವನ್ನು 21 ದಿನದೊಳಗೆ ನೋಂದಣಿ ಮಾಡಿಸಿ; ತಡವಾದರೆ ದಂಡ, ಓಡಾಟ. ದುಃಖದ ಮನೆಯವರಿಗೆ ಇದು ನೆನಪಿರುವುದಿಲ್ಲ. ಸಂಘದವರು ಒಬ್ಬರು ಹೋಗಿ ಕಾಗದ ಪತ್ರ ಮಾಡಿಸಿಕೊಟ್ಟರೆ, ಅದು ಹತ್ತು ಸಮಾಧಾನದ ಮಾತಿಗಿಂತ ಹೆಚ್ಚು. ಸದಸ್ಯೆ ತೀರಿಕೊಂಡರೆ ಅಥವಾ ಊರು ಬಿಟ್ಟು ಹೋದರೆ ಅವಳ ಉಳಿತಾಯವನ್ನು ಸಾಲ ಕಳೆದು ಲೆಕ್ಕ ಮಾಡಿ, ತಡಮಾಡದೆ ಕೊಟ್ಟುಬಿಡಿ.

ನಮ್ಮ ಕಾರ್ಯಕರ್ತೆಯನ್ನು ಬೀಳ್ಕೊಡುವ ಸಭೆ ಮುಂದಿನ ತಿಂಗಳ ಒಕ್ಕೂಟದ ಸಭೆಯ ದಿನವೇ ನಡೆಯುತ್ತದೆ. ಹಾರ, ಶಾಲು, ಭಾಷಣ ಬೇಡ ಅಂತ ಅವರೇ ಹೇಳಿದ್ದಾರೆ. ಬರುವವರು ತಂತಮ್ಮ ಮನೆಯ ಬುತ್ತಿ ತನ್ನಿ, ಒಟ್ಟಿಗೆ ಕೂತು ಉಣ್ಣೋಣ. ನಡಾವಳಿ, ಉಳಿತಾಯ, ಸಾಲದ ಪುಸ್ತಕಗಳನ್ನು ಮರೆಯದೆ ತನ್ನಿ. ಹೊಸದಾಗಿ ಬರುವವರಿಗೆ ಅವರೇ ಕೂತು ಲೆಕ್ಕ ಒಪ್ಪಿಸಿ ಹೋಗುತ್ತಾರೆ.