ಹಳೆಯ ಕಾರಿನ ಬಂಪರು ಬಿಚ್ಚಿ ಕೂಡಿಸುವ ಬಗೆ

1964ರಲ್ಲಿ ದಿಲ್ಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿದರು. ಅಂಥ ಗಾಡಿಯ ಧಣಿಗಳು ನಮ್ಮಲ್ಲಿಲ್ಲ; ಆದರೆ ಅವುಗಳ ನಟ್ಟು ತಿರುಗಿಸುವ ಕೈಗಳು ನಮ್ಮಂಥವರವೇ.

ಇಂಗ್ಲೆಂಡಿನ ಎಂಜಿಬಿ ಸ್ಪೋರ್ಟ್ಸ್ ಕಾರನ್ನೇ ನೋಡಿ. 1962ರಲ್ಲಿ ಅದು ಕ್ರೋಮಿನ ತೆಳು ಬಂಪರಿನೊಡನೆ ಬಂತು. 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಕ್ಕಾಗಿ ಕಪ್ಪು ರಬ್ಬರಿನಂಥ ದಪ್ಪ ಬಂಪರು ಹಾಕಿದರು. (ಕಾರಿನ ಅಂದ ಕೆಟ್ಟಿತೆಂದೇ ನಮ್ಮ ಮತ.)

ಮೊದಲು ಬ್ಯಾಟರಿಯ ತಂತಿ ಬಿಡಿಸಬೇಕು. ಹಿಂಬದಿಯ ಬಂಪರಿನಲ್ಲಿ ನಂಬರಿನ ದೀಪ ಇರುವುದುಂಟು. ತುಕ್ಕು ಹಿಡಿದ ಬೋಲ್ಟನ್ನು ಬಲದಿಂದ ತಿರುಗಿಸಿದರೆ ಮುರಿದು ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತೆಳು ಎಣ್ಣೆ ಬಿಟ್ಟು ನೆನೆಸತಕ್ಕದ್ದು. ಕಡೆಯ ಬೋಲ್ಟು ಬಿಚ್ಚುವಾಗ ಇನ್ನೊಬ್ಬರು ಬಂಪರನ್ನು ಹಿಡಿದಿರಲೇಬೇಕು. ಕಾಲ ಮೇಲೆ ಬಿದ್ದರೆ ತಿಂಗಳ ಕೂಲಿ ಹೋದಂತೆಯೇ. ಎಡದ ವಾಷರು ಬಲದ ವಾಷರು ಬೇರೆ ಬೇರೆ ಪೊಟ್ಟಣದಲ್ಲಿರಲಿ. ಕೂಡಿಸುವಾಗ ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದಲೇ ಸಡಿಲವಾಗಿ ಹತ್ತಿಸಿ, ದೂರ ನಿಂತು ಮಟ್ಟ ನೋಡಿ, ಆಮೇಲೆ ಬಿಗಿಯಬೇಕು.

ಹೊಳಪು ಹಾಕಿಸುವ ವಿಷಯ ಬೇರೆ. ಸಾಮಾನ್ಯವಾಗಿ ಅಡಿಯಲ್ಲಿ ತಾಮ್ರ, ನಡುವೆ ನಿಕಲ್, ಮೇಲೆ ಕ್ರೋಮ್. ಹಳೆಯ ಪದ್ಧತಿಯ ಕ್ರೋಮ್ ತೊಟ್ಟಿಯ ಆವಿ ಮೂಗಿನ ನಡುಗೋಡೆಯನ್ನೇ ತೂತು ಮಾಡಬಲ್ಲದು. ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗುತ್ತದೆ. ತೊಟ್ಟಿಯ ಅಂಚಿನಲ್ಲೇ ಆವಿ ಹೀರುವ ಏರ್ಪಾಡಿಲ್ಲದ ಕೋಣೆಯಲ್ಲಿ, ಕೂಲಿ ಎಷ್ಟೇ ಹೆಚ್ಚಿರಲಿ, ನಮ್ಮವರು ನಿಲ್ಲಬಾರದು. ಬಾಯಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು.

ಇನ್ನೊಂದು ಮಾತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ‘ವಿಎ’ ಗುರುತಿನ ನಂಬರು ಸಿಗುತ್ತದೆ. ಆದಕಾರಣ ಬಿಚ್ಚಿದ ಬಂಪರನ್ನು ಧಣಿಯನ್ನು ಕೇಳದೆ ಗುಜರಿಗೆ ಹಾಕಬೇಡಿ.